ಭಾರತದ ಮೊದಲ ಛತ್ರೀದಳ

ಆಕಾಶದಿಂದ ಧುಮುಕಿ ಹೋರಾಡುವ ಸೈನ್ಯವೊಂದನ್ನು ಕಟ್ಟಬೇಕಾದರೆ ಮೊದಲು ಬೇಕಾದುದು ಧೀರರಾದ ಯೋಧರೆಂದು ಯಾರಿಗಾದರೂ ತೋರುವುದು ಸಹಜ. ಆದರೆ ಎರಡನೆಯ ಮಹಾಯುದ್ಧದ ನಡುವೆ ಭಾರತದ ನೆಲದಲ್ಲಿ ಅಂತಹ ಸೈನ್ಯವನ್ನು ಕಟ್ಟಲು ಹೊರಟವರನ್ನು ಯೋಧರ ಅಭಾವ ಒಮ್ಮೆಯಾದರೂ ಬಾಧಿಸಲಿಲ್ಲ. ಅವರನ್ನು ಬಾಧಿಸಿದುದು ವಿಮಾನಗಳ ಅಭಾವ, ಪ್ಯಾರಾಚೂಟುಗಳ ಅಭಾವ, ಎಲ್ಲಕ್ಕಿಂತ ಮಿಗಿಲಾಗಿ, ಯುದ್ಧಸಾಮಗ್ರಿಯ ಹಂಚಿಕೆಯಲ್ಲಿ ಪೂರ್ವದ ರಣರಂಗಕ್ಕೆ ಸದಾ ದೊರೆಯುತ್ತಿದ್ದ ಕಡೆಯ ಪಂಕ್ತಿ. ಐವತ್ತನೆಯ ಭಾರತೀಯ ಪ್ಯಾರಾಚೂಟ್ ಬ್ರಿಗೇಡೆಂಬ ದಳವು 1941ರಿಂದ 1945ರವರೆಗೆ ಹಲವು ಸಲ ಬಿಚ್ಚಿ ಮತ್ತೆ ಕಟ್ಟಲ್ಪಟ್ಟಿತು. ಅದರ ಒಂದೊಂದು ಪುನರ್ಘಟನೆಯನ್ನೂ ಹತ್ತಿರದಿಂದ ನೋಡಿದರೆ, ಅದರ ಹಿಂದೆ ಸೇನಾಶಾಸ್ತ್ರದ ಘನವಾದ ತತ್ತ್ವಕ್ಕಿಂತ ಹೆಚ್ಚಾಗಿ, ಆ ಹೊತ್ತಿಗೆ ಕೈಯಲ್ಲಿ ಏನಿದೆ, ಏನಿಲ್ಲವೆಂಬ ಬಡವರ ಮನೆಯ ಲೆಕ್ಕಾಚಾರವೇ ಕಂಡುಬರುತ್ತದೆ.

ಇಡಿಯ ಪ್ರಕರಣಕ್ಕೆ ಮೂಲ ಯೂರೋಪಿನಲ್ಲಿದ್ದಿತು. 1940ರ ಮೇ ತಿಂಗಳಲ್ಲಿ ಹಾಲೆಂಡಿನ ಸೇತುವೆಗಳ ಮೇಲೂ ಬೆಲ್ಜಿಯಮ್ಮಿನ ಕೋಟೆಯ ನೆತ್ತಿಯ ಮೇಲೂ ಜರ್ಮನರು ಆಕಾಶಮಾರ್ಗದಿಂದ ಇಳಿದುದನ್ನು ಕಂಡ ಚರ್ಚಿಲ್, ಐದು ಸಾವಿರ ಛತ್ರೀಸೈನಿಕರ ಪಡೆಯೊಂದನ್ನು ಸಜ್ಜುಗೊಳಿಸಬೇಕೆಂದು ಜೂನ್ ತಿಂಗಳು ಮುಗಿಯುವುದರೊಳಗೆ ತನ್ನ ಸೇನಾಧಿಪತಿಗಳಿಗೆ ಬರೆದನು. ಮರುವರ್ಷ ಮೇ 20ರಂದು ಕ್ರೀಟ್ ದ್ವೀಪದ ಮೇಲೆ ಜರ್ಮನರ ಛತ್ರೀಸೈನ್ಯ ಎರಗಿತು; ದ್ವೀಪವೇನೋ ಗೆಲ್ಲಲ್ಪಟ್ಟಿತು, ಆದರೆ ಆ ಗೆಲುವಿಗೆ ತೆತ್ತ ಬೆಲೆಯನ್ನು ಕಂಡು ಬೆದರಿದ ಹಿಟ್ಲರ್, ಛತ್ರೀಸೈನ್ಯದ ಕಾಲ ಮುಗಿಯಿತೆಂದು ತೀರ್ಮಾನಿಸಿ, ಅಂದಿನಿಂದ ಆ ಯೋಧರನ್ನು ಬಹುಮಟ್ಟಿಗೆ ಕಾಲಾಳುಗಳಂತೆಯೇ ರಷ್ಯದ ಹಿಮದಲ್ಲಿಯೂ ಇಟಲಿಯ ಗುಡ್ಡಗಳಲ್ಲಿಯೂ ವೆಚ್ಚಮಾಡಿದನು. ವಿಚಿತ್ರವೆಂದರೆ, ಸೋತ ಬ್ರಿಟಿಷರು ಅದೇ ಯುದ್ಧದಿಂದ ತದ್ವಿರುದ್ಧವಾದ ಪಾಠವನ್ನು ಕಲಿತರು. ಹಡಗುಗಳ ನೆರವಿಲ್ಲದೆ ಒಂದು ದ್ವೀಪವನ್ನೇ ಕಿತ್ತುಕೊಳ್ಳಬಲ್ಲ ಸೈನ್ಯ ತಮ್ಮಲ್ಲಿಯೂ ಇರಲೇಬೇಕೆಂಬ ಆತುರ ಅವರಲ್ಲಿ ಇಮ್ಮಡಿಸಿತು. ಆ ಆತುರದ ಒಂದು ಅಲೆ ದೆಹಲಿಯವರೆಗೂ ಬಂದಿತು.

1941ರ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ಬ್ರಿಗೇಡು ಅಸ್ತಿತ್ವಕ್ಕೆ ಬಂದಾಗ ಅದರಲ್ಲಿ ಮೂರು ಬೆಟಾಲಿಯನ್ನುಗಳಿದ್ದವು: ಭಾರತದಲ್ಲಿ ನೆಲಸಿದ್ದ ಬ್ರಿಟಿಷ್ ಪಟಾಲಮುಗಳಿಂದ ಸ್ವಯಂಸೇವಕರನ್ನು ಆರಿಸಿ ಕಟ್ಟಿದ 151ನೆಯದು, ಭಾರತೀಯ ಸೈನ್ಯದ ನಾನಾ ರೆಜಿಮೆಂಟುಗಳಿಂದ ಬಂದವರ 152ನೆಯದು, ಗೂರ್ಖರ 153ನೆಯದು. ಈ ಎರಡನೆಯದರಲ್ಲಿ ಒಂದು ವಿಶೇಷವಿದ್ದಿತು. ಜಾತಿ, ಮತ, ಪ್ರಾಂತಗಳ ಗೆರೆಯೆಳೆದು ಕಂಪನಿಗಳನ್ನು ಕಟ್ಟುವುದು ಬ್ರಿಟಿಷರ ಭಾರತೀಯ ಸೈನ್ಯದ ಹಳೆಯ ಸಂಪ್ರದಾಯವಾಗಿದ್ದಾಗ, ವಿಮಾನದಿಂದ ಹಾರುವೆನೆಂದು ಮುಂದೆ ಬಂದವನ ಕುಲಗೋತ್ರವನ್ನು ಅಷ್ಟಾಗಿ ವಿಚಾರಿಸುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲವಾದುದರಿಂದ, ಪಂಜಾಬಿ, ಪಠಾಣ, ರಜಪೂತ, ಮರಾಠ ಮೊದಲಾದವರು ಒಂದೇ ಬೆಟಾಲಿಯನ್ನಿನ ಸೂರಿನಡಿ ಕೂಡಿದರು.

ಆದರೆ ಅವರು ಹಾರಬೇಕಾದುದು ಯಾವುದರಿಂದ? ಇಂದು ಸಫ್ದರ್‌ಜಂಗ್ ಎಂಬ ಹೆಸರಿನ ಅಂದಿನ ವಿಲಿಂಗ್ಡನ್ ವಿಮಾನನಿಲ್ದಾಣದಲ್ಲಿ ತೆರೆದ ಶಿಕ್ಷಣಶಾಲೆಗೆ ದೊರೆತವು, ಎರಡು ಸಾಲು ರೆಕ್ಕೆಗಳ, ಆ ವೇಳೆಗಾಗಲೇ ವೃದ್ಧಾಪ್ಯಕ್ಕೆ ಸಂದಿದ್ದ ಕೆಲವು ವ್ಯಾಲೆನ್ಷಿಯಾ ವಿಮಾನಗಳು. ಪ್ಯಾರಾಚೂಟುಗಳಂತೂ ಬೆರಳೆಣಿಕೆಯಷ್ಟು. ಸಾವಿರಾರು ಜನ ಕಾದಿರುವ ದಳದಲ್ಲಿ ಒಬ್ಬ ಹಾರಿದ ಮೇಲೆ ಅದೇ ಪ್ಯಾರಾಚೂಟನ್ನು ಜತನವಾಗಿ ಮಡಿಸಿ ಇನ್ನೊಬ್ಬನ ಬೆನ್ನಿಗೆ ಕಟ್ಟುವ ಈ ವ್ಯವಸ್ಥೆಯಲ್ಲಿ ಶಿಕ್ಷಣ ಆಮೆಯ ನಡಿಗೆಯಲ್ಲಿ ಸಾಗಿದುದು ಆಶ್ಚರ್ಯವೇನೂ ಅಲ್ಲ. ಭಾರತೀಯರಲ್ಲಿ ಮೊಟ್ಟಮೊದಲು ಹಾರಿದವರೆಂಬ ಕೀರ್ತಿ 152ನೆಯ ಬೆಟಾಲಿಯನ್ನಿನ ವೈದ್ಯಾಧಿಕಾರಿ ಲೆಫ್ಟಿನೆಂಟ್ ಎ. ಜಿ. ರಂಗರಾಜರಿಗೂ ಹವಾಲ್ದಾರ್ ಮೇಜರ್ ಮಥುರಾಸಿಂಗನಿಗೂ ಸಂದಿತು. ಈ ವೈದ್ಯರೇ ಹತ್ತು ವರ್ಷಗಳ ತರುವಾಯ, 1951ರ ಮಾರ್ಚಿಯಲ್ಲಿ, ಕೊರಿಯದ ಮುನ್ಸಾನ್‌ನಿಯಲ್ಲಿ ಅಮೆರಿಕನ್ ಛತ್ರೀಸೈನಿಕರೊಡನೆ ತಮ್ಮ ಭಾರತೀಯ ಆಂಬ್ಯುಲೆನ್ಸ್ ತಂಡವನ್ನು ಇಳಿಸಿ ಮಹಾವೀರ ಚಕ್ರವನ್ನು ಪಡೆದರೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಇಂಗ್ಲೆಂಡಿನಿಂದ ಪ್ಯಾರಾಚೂಟುಗಳು ಬರುವುದನ್ನೇ ಕಾದು ಕುಳಿತರೆ ಯುದ್ಧವೇ ಮುಗಿದುಹೋದೀತೆಂದು ಅಧಿಕಾರಿಗಳಿಗೆ ಮನವರಿಕೆಯಾದುದರ ಫಲವಾಗಿ ಕಾನ್ಪುರದಲ್ಲಿ ಪ್ಯಾರಾಚೂಟು ಹೊಲಿಯುವ ಕಾರ್ಖಾನೆ ತಲೆಯೆತ್ತಿತು. ದಳದ ನಿಜವಾದ ಬೆಳವಣಿಗೆಯನ್ನು ದೆಹಲಿಯ ಕಡತಗಳಿಗಿಂತ ಕಾನ್ಪುರದ ಹೊಲಿಗೆಯ ಯಂತ್ರಗಳಲ್ಲಿ ಹುಡುಕುವುದು ಮೇಲೆಂದು ನನಗೆ ತೋರುತ್ತದೆ.

ಹೀಗೆ ಅರೆಸಜ್ಜಿತವಾಗಿದ್ದ ದಳಕ್ಕೆ 1942ರ ಮಳೆಗಾಲದಲ್ಲಿ ಮೊದಲ ಕರೆ ಬಂದಿತು. ಅದು ಜಪಾನೀಯರ ಮೇಲಲ್ಲ. ಸಿಂಧ್ ಪ್ರಾಂತದಲ್ಲಿ ಪೀರ್ ಪಗಾರೋ ಅವರ ಅನುಯಾಯಿಗಳಾದ ಹೂರರು ಸರ್ಕಾರದ ವಿರುದ್ಧ ಬಂಡೆದ್ದು, ಜೂನ್ ತಿಂಗಳಿನಿಂದ ಅಲ್ಲಿ ಸೈನಿಕ ಶಾಸನ ಜಾರಿಯಲ್ಲಿದ್ದಿತು. ಅವರನ್ನು ಮರಳುಗಾಡಿನಲ್ಲಿ ಸುತ್ತುವರಿಯಲೆಂದು 152ನೆಯ ಬೆಟಾಲಿಯನ್ನಿನ ಒಂದು ಕಂಪನಿಯನ್ನು ಆಕಾಶದಿಂದ ಇಳಿಸಲಾಯಿತು. ಭಾರತದ ಛತ್ರೀಸೈನಿಕರು ಯುದ್ಧಾರ್ಥವಾಗಿ ಇಳಿದ ಮೊದಲ ನೆಲ ಭಾರತದ್ದೇ ಆಯಿತು, ಇಳಿದುದು ತಮ್ಮ ದೇಶದವರನ್ನೇ ಹಿಡಿಯಲು ಎಂಬುದನ್ನು ಅಂದಿನ ಅಧಿಕೃತ ವರದಿಗಾರರು ಯಾವ ಸಂಕೋಚವೂ ಇಲ್ಲದೆ ಬರೆದಿದ್ದಿರಬಹುದು. ಇಂದು ಓದುವವನಿಗೆ ಅದು ನುಂಗಲಾರದ ತುತ್ತು. ಆ ವರ್ಷದ ಜುಲೈಯಲ್ಲಿ, ಬರ್ಮಾದಿಂದ ಹಿಮ್ಮೆಟ್ಟಿದ ಸೈನ್ಯದ ವಾರ್ತೆ ತಿಳಿಯದೆ ಕಂಗೆಟ್ಟಿದ್ದ ಕಮಾಂಡು, ಕ್ಯಾಪ್ಟನ್ ಜಿಮ್ಮಿ ರಾಬರ್ಟ್ಸನ ನೇತೃತ್ವದಲ್ಲಿ ಒಂದು ಚಿಕ್ಕ ತಂಡವನ್ನು ಮಿಚಿನಾ ಸಮೀಪದ ಕಾಡಿನಲ್ಲಿ ಇಳಿಸಿತು. ತಂಡ ಜಪಾನೀಯರ ಸುಳಿವನ್ನು ಸಂಗ್ರಹಿಸಿ, ಕಾಲ್ನಡೆಯಲ್ಲಿ ಉತ್ತರದ ಫೋರ್ಟ್ ಹರ್ಟ್ಸ್ ಎಂಬ ಠಾಣ್ಯವನ್ನು ಸೇರಿತು. ಆಗಸ್ಟಿನಲ್ಲಿ ಕ್ಯಾಪ್ಟನ್ ನ್ಯೂಲೆಂಡನ ತಂಡ ಅಲ್ಲಿಯೇ ಇಳಿದು, ಹಾಳಾಗಿದ್ದ ವಿಮಾನಪಟ್ಟಿಯನ್ನು ಕೆಲವೇ ದಿನಗಳಲ್ಲಿ ದುರಸ್ತಿಮಾಡಿತು. ಯುದ್ಧ ಮುಗಿಯುವವರೆಗೂ ಬ್ರಿಟಿಷರ ಕೈ ತಪ್ಪದ ಬರ್ಮಾದ ಆ ಮೂಲೆಯನ್ನು ಉಳಿಸಿಕೊಟ್ಟವರಲ್ಲಿ ಈ ಬೆರಳೆಣಿಕೆಯ ಜನಕ್ಕೂ ಪಾಲುಂಟು.

ಅಷ್ಟರಲ್ಲಿ ಶಿಕ್ಷಣಶಾಲೆ ರಾವಲ್ಪಿಂಡಿಯ ಬಳಿಯ ಚಕ್ಲಾಲಾಕ್ಕೂ ಬ್ರಿಗೇಡು ಕ್ಯಾಂಪ್‌ಬೆಲ್‌ಪುರಕ್ಕೂ ವರ್ಗವಾದವು. ಅದರ ಜೊತೆಯಲ್ಲಿಯೇ ಮೊದಲ ದೊಡ್ಡ ಪೆಟ್ಟೂ ಬಿದ್ದಿತು. ಮಧ್ಯಪ್ರಾಚ್ಯದಲ್ಲಿ ಹೊಸ ಬ್ರಿಗೇಡೊಂದಕ್ಕೆ ತಳಹದಿ ಬೇಕೆಂದು, ಹೆಚ್ಚು ಶಿಕ್ಷಿತವಾಗಿದ್ದ 151ನೆಯ ಬ್ರಿಟಿಷ್ ಬೆಟಾಲಿಯನ್ನನ್ನು 1942ರ ಅಕ್ಟೋಬರಿನಲ್ಲಿ ಕಿತ್ತು ಅಲ್ಲಿಗೆ ಕಳುಹಿಸಿದರು. ಅದಕ್ಕೆ 156ನೆಯದೆಂಬ ಹೊಸ ಸಂಖ್ಯೆ ಬಂದಿತು. ದೆಹಲಿಯ ಬಿಸಿಲಿನಲ್ಲಿ ಹಾರುವುದನ್ನು ಕಲಿತ ಆ ಬೆಟಾಲಿಯನ್ನು ಇಟಲಿಯನ್ನು ಹಾದು, 1944ರ ಸೆಪ್ಟೆಂಬರಿನಲ್ಲಿ ಆರ್ನ್‌ಹೆಮ್ಮಿನ ಕಾಡುಗಳಲ್ಲಿ ಇಳಿದು, ಮತ್ತೆ ಕಟ್ಟಲು ಸಾಧ್ಯವಾಗದಷ್ಟು ನಾಶವಾಗಿ, ಸೇನಾಪಟ್ಟಿಯಿಂದಲೇ ಮರೆಯಾಯಿತು.

ಅದು ತೆರವು ಮಾಡಿದ ಸ್ಥಾನವನ್ನು ತುಂಬಿದ ಬಗೆ, ದೀರ್ಘಯುದ್ಧದಲ್ಲಿ ದಳಗಳು ಹೇಗೆ ಮರುಹುಟ್ಟು ಪಡೆಯುತ್ತವೆಂಬುದಕ್ಕೆ ಒಳ್ಳೆಯ ನಿದರ್ಶನ. ಏಳನೆಯ ಗೂರ್ಖಾ ರೈಫಲ್ಸಿನ ಮೂರನೆಯ ಬೆಟಾಲಿಯನ್ನು 1942ರ ಫೆಬ್ರವರಿಯಲ್ಲಿ ಬರ್ಮಾದ ಸಿತ್ತಾಂಗ್ ನದಿಯ ದಂಡೆಯಲ್ಲಿ ಸಿಕ್ಕಿಬಿದ್ದಿದ್ದಿತು. ಜಪಾನೀಯರ ಕೈಗೆ ಸೇತುವೆ ಸಿಕ್ಕೀತೆಂಬ ಭಯದಿಂದ ತಮ್ಮವರೇ ಅದನ್ನು ಸಿಡಿಸಿದಾಗ ಆಚೆಯ ದಡದಲ್ಲಿ ಉಳಿದುಹೋದ ಸಾವಿರಾರು ಜನರೊಡನೆ ಅದೂ ಬಹುಮಟ್ಟಿಗೆ ನಾಶವಾಯಿತು. ಉಳಿದವರು ಆ ಸುದೀರ್ಘವಾದ ಹಿಮ್ಮೆಟ್ಟುವಿಕೆಯನ್ನು ಮುಗಿಸಿ ಭಾರತಕ್ಕೆ ಬಂದರು. ಈ ಬೆಟಾಲಿಯನ್ನನ್ನು ಮತ್ತೆ ಭರ್ತಿಮಾಡಿ, 1943ರಲ್ಲಿ 154ನೆಯ ಗೂರ್ಖಾ ಪ್ಯಾರಾಚೂಟ್ ಬೆಟಾಲಿಯನ್ನೆಂದು ಪರಿವರ್ತಿಸಲಾಯಿತು. ಮೊದಲ ಮೂರು ಬೆಟಾಲಿಯನ್ನುಗಳು ನಾನಾ ಕಡೆಗಳಿಂದ ಆರಿಸಿ ತಂದ ಸ್ವಯಂಸೇವಕರಿಂದ ಕೂಡಿದ್ದವಾದರೆ, ಇದು ಒಟ್ಟೊಟ್ಟಿಗೆ ಬದುಕಿ ಒಟ್ಟೊಟ್ಟಿಗೆ ಸೋತಿದ್ದ ಒಂದು ಹಳೆಯ ಕುಟುಂಬ. ಆರಿಸಿ ತಂದವರ ಉತ್ಸಾಹ ಹೆಚ್ಚೋ, ಪರಸ್ಪರ ಬಲ್ಲವರ ಸ್ಥೈರ್ಯ ಹೆಚ್ಚೋ ಎಂಬ ಚರ್ಚೆ ಎಲ್ಲ ದೇಶಗಳ ಛತ್ರೀಸೈನ್ಯಗಳಲ್ಲಿಯೂ ನಡೆದೇ ಇದೆ. ಯುದ್ಧ ಬೆಳೆದಂತೆಲ್ಲ, ಸ್ವಯಂಸೇವಕರು ತೀರುತ್ತ ಬಂದಂತೆಲ್ಲ, ಎರಡನೆಯ ಮಾರ್ಗವೇ ಎಲ್ಲೆಡೆಯೂ ಬಳಕೆಗೆ ಬಂದುದಂತೂ ನಿಜ.

1943 ಕಾಯುವುದರಲ್ಲಿಯೇ ಕಳೆಯಿತು. ಡಕೋಟಾ ವಿಮಾನಗಳು ಬರತೊಡಗಿದವಾದರೂ, ಅವುಗಳಿಗಾಗಿ ಹಾತೊರೆಯುವವರು ಬಹಳವಾಗಿದ್ದರು. ಕಾಡಿನಲ್ಲಿದ್ದ ಪಡೆಗಳಿಗೆ ಅಕ್ಕಿ, ಮದ್ದುಗುಂಡು, ಔಷಧಗಳನ್ನು ಹೊತ್ತು ಹಾಕುವುದೇ ಬರ್ಮಾ ಗಡಿಯಲ್ಲಿ ವಿಮಾನದ ಪ್ರಥಮ ಧರ್ಮವಾಗಿದ್ದಿತು. ಹಾರಲು ಸಿದ್ಧವಾಗಿದ್ದ ಬ್ರಿಗೇಡನ್ನು ಹೊತ್ತೊಯ್ಯಬಲ್ಲ ವಿಮಾನಸಮೂಹ ಒಂದೇ ಸಮಯಕ್ಕೆ ಒಂದೇ ಕಡೆ ದೊರೆಯುವ ಸಂಭವವಿರಲಿಲ್ಲ. ಹೀಗಿರುವಾಗ ಅವರನ್ನು ಸುಮ್ಮನೆ ಕೂರಿಸುವುದಕ್ಕಿಂತ ಕಾಡಿನ ಯುದ್ಧದ ಅನುಭವವಾದರೂ ಆಗಲೆಂದು, 1944ರ ಮಾರ್ಚಿಯ ಆರಂಭದಲ್ಲಿ ಎರಡು ಬೆಟಾಲಿಯನ್ನುಗಳೊಡನೆ ಬ್ರಿಗೇಡನ್ನು ಮಣಿಪುರದ ಪೂರ್ವಭಾಗದಲ್ಲಿರುವ ಉಖ್ರೂಲ್ ಪ್ರದೇಶಕ್ಕೆ ಕಳುಹಿಸಿದರು. ಬ್ರಿಗೇಡಿಯರ್ ಹೋಪ್ ಥಾಮ್ಸನ್ನನ ಕೈಕೆಳಗೆ 152, 153ನೆಯ ಬೆಟಾಲಿಯನ್ನುಗಳು ಆ ನಾಗಾ ಬೆಟ್ಟಗಳಲ್ಲಿ ಗಸ್ತು ತಿರುಗತೊಡಗಿದವು. ಅದು ಶಾಂತವಾದ ವಿಭಾಗವೆಂದು ಎಲ್ಲರ ನಂಬಿಕೆ.

ಮಾರ್ಚಿ 15ರ ರಾತ್ರಿ ಜಪಾನೀಯರ 31ನೆಯ ಡಿವಿಷನ್ನು ಚಿಂದ್ವಿನ್ ನದಿಯನ್ನು ದಾಟಿತು. ಅದರ ಗುರಿ ಕೊಹಿಮಾ. ಇಂಫಾಲವನ್ನು ದೀಮಾಪುರದೊಡನೆ ಕೂಡಿಸುವ ಏಕೈಕ ದಾರಿಯನ್ನು ಕತ್ತರಿಸುವುದು ಅದರ ಸಂಕಲ್ಪ. ಒಂದು ಸಮಗ್ರವಾದ ಡಿವಿಷನ್ನು ಆ ದುರ್ಗಮವಾದ ಬೆಟ್ಟಗಳನ್ನು ದಾಟಿ ಬಂದೀತೆಂದು ಬ್ರಿಟಿಷ್ ಸೇನಾಪತಿಗಳು ಎಣಿಸಿರಲಿಲ್ಲ. ಆ ಡಿವಿಷನ್ನಿನ 58ನೆಯ ರೆಜಿಮೆಂಟು ಮೇಜರ್ ಜನರಲ್ ಮಿಯಾಝಾಕಿಯ ನಾಯಕತ್ವದಲ್ಲಿ ಬಂದು, 19ರಂದು 152ನೆಯ ಬೆಟಾಲಿಯನ್ನಿನ ಒಂದು ಕಂಪನಿ ಕಾಯುತ್ತಿದ್ದ, ನಕ್ಷೆಯಲ್ಲಿ 7378 ಅಡಿಗಳ ಎತ್ತರವೆಂದು ಗುರುತಾದ ಗುಡ್ಡದ ಮೇಲೆ ಎರಗಿತು. ಆ ಕಂಪನಿ ಮರುದಿನದವರೆಗೂ ಕಾದಾಡಿ ಬಹುತೇಕ ನಿರ್ನಾಮವಾಯಿತು. ಚೆದುರಿದ್ದ ಬ್ರಿಗೇಡಿನ ಉಳಿದ ತುಕಡಿಗಳು, ಅಲ್ಲಿಯೇ ನೆಲಸಿದ್ದ ಐದನೆಯ ಮರಾಠಾ ಲೈಟ್ ಇನ್‌ಫೆಂಟ್ರಿಯ ನಾಲ್ಕನೆಯ ಬೆಟಾಲಿಯನ್ನಿನೊಡನೆ, ಸಾಂಗ್‌ಶಾಕ್ ಎಂಬ ನಾಗಾ ಗ್ರಾಮದ ಗುಡ್ಡವನ್ನು ಸೇರಿದವು. ಬೆಳಗಾವಿಯಲ್ಲಿ ಕೇಂದ್ರವನ್ನುಳ್ಳ ಈ ರೆಜಿಮೆಂಟಿನ ಹೆಸರು ಛತ್ರೀದಳದ ಚರಿತ್ರೆಯಲ್ಲಿ ಮೊದಲ ಸಲ ಬೆರೆತುದು ಅಲ್ಲಿ.

ಸುಮಾರು 800 ಗಜ ಉದ್ದ, 400 ಗಜ ಅಗಲದ ಆ ನೆಲೆಯಲ್ಲಿ ಮೂರಡಿ ಅಗೆಯುವಷ್ಟರಲ್ಲಿ ಬಂಡೆ ಸಿಕ್ಕುತ್ತಿದ್ದಿತು. ಮುಳ್ಳುತಂತಿಯಿರಲಿಲ್ಲ, ನೀರಿನ ಸೆಲೆಯಿರಲಿಲ್ಲ, ಸತ್ತವರನ್ನು ಹೂಳಲು ಎಡೆಯಿರಲಿಲ್ಲ. ವಾಯವ್ಯದ ಮೂಲೆಯಲ್ಲಿದ್ದ ಇಗರ್ಜಿಯ ಸುತ್ತ ಹಗಲು ರಾತ್ರಿ ಕೈಕೈ ಮಿಲಾಯಿಸಿದ ಹೋರಾಟ ನಡೆಯಿತು. ಮುತ್ತಿಗೆಗೆ ಸಿಲುಕಿದವರಿಗೆ ವಿಮಾನಗಳು ನೀರನ್ನೂ ಗುಂಡುಗಳನ್ನೂ ಕೆಳಕ್ಕೆ ಹಾಕಿದವು. ನೆಲೆ ಇಕ್ಕಟ್ಟಾಗಿದ್ದುದರಿಂದ ಬಹುಪಾಲು ಗಾಳಿಯೊಡನೆ ತೇಲಿ ಜಪಾನೀಯರ ನಡುವೆ ಬಿದ್ದುವು. ಪ್ಯಾರಾಚೂಟಿನ ವಿದ್ಯೆಯಲ್ಲಿಯೇ ಎರಡು ವರ್ಷ ಪಳಗಿದ ಜನ, ತಮಗಾಗಿ ಬಂದ ಪ್ಯಾರಾಚೂಟುಗಳು ಶತ್ರುವಿನ ಕೈಗೆ ಇಳಿಯುವುದನ್ನು ಬಾಯಾರಿದ ಗಂಟಲಿನಿಂದ ನೋಡುತ್ತ ನಿಲ್ಲಬೇಕಾಯಿತು. ಈ ನಡುವೆ, ಸತ್ತ ಜಪಾನೀ ಅಧಿಕಾರಿಯೊಬ್ಬನ ಚೀಲದಲ್ಲಿ ದೊರೆತ ನಕ್ಷೆಯೊಂದು ಇಡಿಯ ಡಿವಿಷನ್ನು ಕೊಹಿಮಾದ ಕಡೆಗೆ ಸಾಗುತ್ತಿರುವುದನ್ನು ಬಯಲುಮಾಡಿತು. ಅದರ ಪ್ರತಿಯನ್ನು ಹೊತ್ತು ಗುಪ್ತಚಾರ ವಿಭಾಗದ ಅಧಿಕಾರಿಯೊಬ್ಬ ಶತ್ರುವಿನ ಸಾಲುಗಳ ನಡುವೆ ನುಸುಳಿ ಇಂಫಾಲವನ್ನು ಮುಟ್ಟಿದನು. 26ರ ರಾತ್ರಿ, ಹೊರಟುಬನ್ನಿರೆಂಬ ನಿಸ್ತಂತು ಆಜ್ಞೆಯ ಮೇರೆಗೆ ಉಳಿದವರು ಕತ್ತಲಲ್ಲಿ ಗುಡ್ಡವನ್ನಿಳಿದರು. ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಸುಮಾರು 600 ಜನ. 152ನೆಯ ಬೆಟಾಲಿಯನ್ನಿನ ಅಧಿಕಾರಿಗಳಲ್ಲಿ ಉಳಿದವರು ಕೆಲವರೇ.

ಬ್ರಿಗೇಡಿಯರನನ್ನು ಅಧಿಕಾರದಿಂದ ಇಳಿಸಿ ಇಂಗ್ಲೆಂಡಿಗೆ ಕಳುಹಿಸಿದರು. ನೆಲೆಯನ್ನು ಬಿಟ್ಟುಕೊಟ್ಟ ದಳವೆಂಬ ಅಪವಾದ ಕೆಲಕಾಲ ಹಬ್ಬಿದ್ದಿತು. ಆದರೆ ಸಾಂಗ್‌ಶಾಕಿನಲ್ಲಿ ಮಿಯಾಝಾಕಿ ಕಳೆದ ಆ ದಿನಗಳು, ಅಷ್ಟೇನೂ ರಕ್ಷಣೆಯಿಲ್ಲದಿದ್ದ ಕೊಹಿಮಾಕ್ಕೆ ಪಡೆಗಳನ್ನು ತರಲು ದೊರೆತ ದಿನಗಳೇ ಎಂಬುದು ನಕ್ಷೆಯ ಮೇಲೆ ಬೆರಳಿಟ್ಟು ನೋಡುವ ಯಾರಿಗಾದರೂ ತಿಳಿಯುತ್ತದೆ. ಹದಿನಾಲ್ಕನೆಯ ಸೈನ್ಯದ ನಾಯಕ ಸ್ಲಿಮ್ ಕೂಡ ಅದನ್ನು ಒಪ್ಪಿಕೊಂಡನು. ಗೆದ್ದವರ ಚರಿತ್ರೆಯಲ್ಲಿಯೂ ನ್ಯಾಯ ತಡವಾಗಿ ಬರುವುದುಂಟು.

ಆ ವರ್ಷ ಪೂರ್ವರಂಗದಲ್ಲಿ ಪ್ಯಾರಾಚೂಟಿನ ಬರ ಎಷ್ಟು ತೀವ್ರವಾಗಿದ್ದಿತೆಂಬುದಕ್ಕೆ ಒಂದು ಪ್ರಸಂಗವನ್ನು ಇಲ್ಲಿ ಹೇಳದಿರಲಾಗದು. ಸರಕನ್ನು ಇಳಿಸಲು ಬೇಕಾದ ಲಕ್ಷೋಪಲಕ್ಷ ಪ್ಯಾರಾಚೂಟುಗಳಿಗೆ ರೇಷ್ಮೆಯೂ ಇಲ್ಲ, ಒಳ್ಳೆಯ ಹತ್ತಿಯೂ ಇಲ್ಲ ಎಂದಾದಾಗ, ಸ್ಲಿಮ್ ಮತ್ತು ಅವನ ಸರಬರಾಜಿನ ಮುಖ್ಯಸ್ಥ ಸ್ನೆಲಿಂಗ್ ಕಲ್ಕತ್ತೆಯ ಸೆಣಬಿನ ಗಿರಣಿಗಳ ಮೊರೆಹೊಕ್ಕರು. ಗೋಣಿಯ ಬಟ್ಟೆಯಿಂದ ಪ್ಯಾರಾಚೂಟು! ಹಲವು ಪರೀಕ್ಷೆಗಳಾದ ಮೇಲೆ, ಗಾಳಿ ಹಾಯಲು ಬಟ್ಟೆಯ ಹೆಣಿಗೆಯನ್ನೇ ಸಡಿಲವಾಗಿಟ್ಟ ಒಂದು ಮಾದರಿ ಸಿದ್ಧವಾಯಿತು. ಅದರ ಬೆಲೆ ಸಾಮಾನ್ಯ ಪ್ಯಾರಾಚೂಟಿನ ಇಪ್ಪತ್ತರಲ್ಲಿ ಒಂದು ಪಾಲಿನಷ್ಟು. ಮನುಷ್ಯರನ್ನಾಗಲಿ ಒಡೆಯುವ ಸಾಮಾನನ್ನಾಗಲಿ ಅದಕ್ಕೆ ನಂಬಿ ಒಪ್ಪಿಸುವಂತಿರಲಿಲ್ಲ. ಅಕ್ಕಿಗೂ ಹಿಟ್ಟಿಗೂ ಧಾರಾಳವಾಗಿ ಸಾಕಾಗುತ್ತಿದ್ದಿತು. ವಿಲಾಯತಿಯ ಹಡಗನ್ನು ಕಾಯದೆ ಊರಿನ ಸೆಣಬಿನಿಂದ ಯುದ್ಧವನ್ನು ನಡೆಸಿದ ಈ ಬುದ್ಧಿ, ನನ್ನ ಎಣಿಕೆಯಲ್ಲಿ, ಯಾವ ಬೆಟಾಲಿಯನ್ನಿನ ಪುನರ್ಘಟನೆಗೂ ಕಡಮೆಯಾದುದಲ್ಲ.

ಇತ್ತ, ಬ್ರಿಗೇಡು ಸಾಂಗ್‌ಶಾಕಿನ ಗಾಯವನ್ನು ಮಾಯಿಸಿಕೊಳ್ಳುತ್ತಿರುವಾಗಲೇ, ಭಾರತದಲ್ಲಿ ಪೂರ್ಣಪ್ರಮಾಣದ ವಿಮಾನವಾಹಿತ ಡಿವಿಷನ್ನನ್ನು ಕಟ್ಟುವ ಯೋಜನೆ ರೂಪುಗೊಂಡಿದ್ದಿತು. ಅದಕ್ಕೆ ಬೇಕಾದ ಕಾರ್ಯಾಲಯವನ್ನು ತಂದುದು ಎಲ್ಲಿಂದ? ವಿಸರ್ಜಿತವಾಗಿದ್ದ 44ನೆಯ ಭಾರತೀಯ ಕವಚಿತ ಡಿವಿಷನ್ನಿನಿಂದ. ಟ್ಯಾಂಕುಗಳಿಗಾಗಿ ಹುಟ್ಟಿದ ಕಛೇರಿ 1944ರ ಏಪ್ರಿಲಿನಲ್ಲಿ ವಿಮಾನಗಳ ಕಛೇರಿಯಾಗಿ, ಮೊದಲು ಒಂಬತ್ತನೆಯದೆಂದು ಹೆಸರು ಪಡೆದು, ಬಲುಬೇಗ ತನ್ನ ಹಳೆಯ 44ರ ಸಂಖ್ಯೆಗೆ ಮರಳಿತು. ಇಂಗ್ಲೆಂಡಿನ ಛತ್ರೀಸೈನ್ಯದಲ್ಲಿ ಪಳಗಿದ್ದ ಮೇಜರ್ ಜನರಲ್ ಡೌನ್ ಅದರ ನಾಯಕನಾಗಿ ಬಂದನು. ಬರ್ಮಾದ ಕಾಡುಗಳಲ್ಲಿ ಶತ್ರುವಿನ ಬೆನ್ನ ಹಿಂದೆ ತಿಂಗಳುಗಟ್ಟಲೆ ಕಳೆದು ಜ್ವರದಿಂದಲೂ ಹಸಿವಿನಿಂದಲೂ ಸೊರಗಿಹೋಗಿದ್ದ ವಿಂಗೇಟನ ಚಿಂಡಿಟ್ ಪಡೆ ಆಗ ಬರ್ಖಾಸ್ತಾಗುತ್ತಿದ್ದಿತು. ಅದರ 77ನೆಯ ಬ್ರಿಗೇಡು ಎರಡನೆಯ ಪ್ಯಾರಾಚೂಟ್ ಬ್ರಿಗೇಡಾಯಿತು, 14ನೆಯದು ಗ್ಲೈಡರುಗಳಲ್ಲಿ ಇಳಿಯುವ ಬ್ರಿಗೇಡಾಯಿತು. ಡಿವಿಷನ್ನಿಗೆ ಕಣ್ಣಾಗಿ ಮುಂದೆ ಹೋಗಿ ನೋಡಿಬರುವ ದಳವೊಂದು ಬೇಕಾದಾಗ, ಕೆಂಪು ಅಂಗಿಯ, ಭಲ್ಲೆಯ, ಎತ್ತರದ ಕುದುರೆಗಳ ವೈಸರಾಯರ ಅಂಗರಕ್ಷಕ ದಳವನ್ನೇ ತಂದು ಅದಕ್ಕೆ ಜೋಡಿಸಿದರು. ಇಂದು ರಾಷ್ಟ್ರಪತಿಗಳ ಅಂಗರಕ್ಷಕರು ಛತ್ರೀಸೈನಿಕರೂ ಆಗಿರುವ ಪದ್ಧತಿಗೆ ಬೀಜ ಬಿದ್ದುದು ಆಗ.

1945ರ ಮಾರ್ಚಿಯಲ್ಲಿ ಭಾರತೀಯ ಪ್ಯಾರಾಚೂಟ್ ರೆಜಿಮೆಂಟು ವಿಧ್ಯುಕ್ತವಾಗಿ ಸ್ಥಾಪಿತವಾಯಿತು. ಗೂರ್ಖರ 153, 154ನೆಯ ಬೆಟಾಲಿಯನ್ನುಗಳು ಎರಡನೆಯವೂ ಮೂರನೆಯವೂ ಆದುವು. ಎಲ್ಲರೂ ಒಂದಾಗಿ ಸೇರಿದ್ದ, ಸಾಂಗ್‌ಶಾಕಿನ ಗುಡ್ಡದಲ್ಲಿ ಒಂದೇ ಕಂದಕದಲ್ಲಿ ಮಡಿದಿದ್ದ 152ನೆಯ ಬೆಟಾಲಿಯನ್ನನ್ನು ಮಾತ್ರ ಇಬ್ಭಾಗ ಮಾಡಿ, ಹಿಂದುಗಳನ್ನು ಮೊದಲನೆಯ ಬೆಟಾಲಿಯನ್ನಿಗೂ ಮುಸಲ್ಮಾನರನ್ನು ನಾಲ್ಕನೆಯದಕ್ಕೂ ಹಂಚಿದರು. ಕಂಪನಿಯ ಅಡಿಗೆಮನೆ, ಭರ್ತಿಯ ಅನುಕೂಲ ಮುಂತಾದ ಕಾರಣಗಳನ್ನು ಯಾರಾದರೂ ಹೇಳಬಹುದು. ದೇಶವನ್ನು ಒಡೆಯುವ ಎರಡು ವರ್ಷ ಮೊದಲೇ ಒಂದು ಒಳ್ಳೆಯ ಬೆಟಾಲಿಯನ್ನನ್ನು ಹೀಗೆ ಒಡೆದುದು ಲಾಭವೆಂದು ಹೇಳಲು ನನ್ನ ಲೇಖನಿ ಏಳದು.

ಕಡೆಗೂ ಹಾರುವ ದಿನ ಬಂದಿತು. ಮಳೆಗಾಲಕ್ಕೆ ಮುನ್ನ ರಂಗೂನನ್ನು ಹಿಡಿಯಲೇಬೇಕೆಂದು ಸಮುದ್ರದ ಕಡೆಯಿಂದ ದಾಳಿಯೊಂದು ಸಿದ್ಧವಾಯಿತು. ರಂಗೂನ್ ನದಿಯ ಮುಖದಲ್ಲಿ ಎಲಿಫೆಂಟ್ ಪಾಯಿಂಟ್ ಎಂಬಲ್ಲಿದ್ದ ಜಪಾನೀಯರ ತೋಪುಗಳ ಬಾಯನ್ನು ಮೊದಲು ಮುಚ್ಚಿಸದ ಹೊರತು ಹಡಗುಗಳು ಒಳಹೋಗುವಂತಿರಲಿಲ್ಲ. ಆ ಕಾರ್ಯ ಛತ್ರೀದಳದ ಪಾಲಿಗೆ ಬಂದಿತು. ಆದರೆ ನಾಲ್ಕು ವರ್ಷಗಳ ಸಿದ್ಧತೆಯ ತರುವಾಯವೂ, ಆಜ್ಞೆ ಬಂದ ಹೊತ್ತಿನಲ್ಲಿ ಬಹಳ ಮಂದಿ ರಜೆಯಲ್ಲಿದ್ದರು, ಬೆಟಾಲಿಯನ್ನುಗಳು ಮರುಜೋಡಣೆಯ ನಡುವಿದ್ದವು! ಗೂರ್ಖರ ಎರಡು ಬೆಟಾಲಿಯನ್ನುಗಳಿಂದ ದೊರೆತವರನ್ನು ಕೂಡಿಸಿ ಒಂದು ಮಿಶ್ರ ಬೆಟಾಲಿಯನ್ನನ್ನು ಅವಸರದಲ್ಲಿ ಕಟ್ಟಬೇಕಾಯಿತು. ಅದರ ನಾಯಕ, 1942ರಲ್ಲಿ ಫೋರ್ಟ್ ಹರ್ಟ್ಸಿನಲ್ಲಿ ಇಳಿದಿದ್ದ ನ್ಯೂಲೆಂಡ್, ಈಗ ಮೇಜರ್.

1945ರ ಮೇ 1ರ ನಸುಕಿಗೆ ಮೊದಲೇ ಅಕ್ಯಾಬಿನಿಂದ ಹೊರಟ ಡಕೋಟಾಗಳು ಬೆಳಗಾಗುತ್ತಿದ್ದಂತೆ ಅವರನ್ನು ಎಲಿಫೆಂಟ್ ಪಾಯಿಂಟಿನ ಪಶ್ಚಿಮಕ್ಕೆ ಕೆಲವು ಮೈಲಿಗಳ ದೂರದಲ್ಲಿ ಇಳಿಸಿದವು. ಇಳಿದಾಗ ಎದುರಿಸುವವರಾರೂ ಇರಲಿಲ್ಲ. ಮಳೆಯಲ್ಲಿ, ಮೊಳಕಾಲುದ್ದ ನೀರಿನಲ್ಲಿ ನಡೆದು ಗುರಿಯನ್ನು ಸಮೀಪಿಸುವಾಗ, ತೋಪುಗಳ ಮೇಲೆ ಬೀಳಬೇಕಾಗಿದ್ದ ಮಿತ್ರಪಕ್ಷದ ಬಾಂಬುಗಳು ಒಂದು ಕಂಪನಿಯ ಮೇಲೆಯೇ ಬಿದ್ದು ಹಲವರನ್ನು ಕೊಂದುವು. ಕಾವಲಿದ್ದ ಜಪಾನೀಯರು ನಾಲ್ವತ್ತರ ಒಳಗೆ. ಅವರು ಶರಣಾಗಲೊಪ್ಪದೆ ಬಂಕರಿನಲ್ಲಿ ಕುಳಿತು ಕಾದಾಡಿದರು, ಜ್ವಾಲೆಯುಗುಳುವ ಯಂತ್ರಗಳನ್ನು ತಂದ ಮೇಲೆ ಹೋರಾಟ ಮುಗಿಯಿತು. ಜಪಾನೀ ಸೈನ್ಯದ ಮುಖ್ಯಭಾಗವಂತೂ ಏಪ್ರಿಲಿನ ಕಡೆಯ ವಾರದಲ್ಲಿಯೇ ರಂಗೂನನ್ನು ಬಿಟ್ಟು ಹೋಗಿದ್ದಿತು. ಸೆರೆಮನೆಯ ಮಾಡಿನ ಮೇಲೆ ಜಪಾನೀಯರು ಹೋದರೆಂದು ಬ್ರಿಟಿಷ್ ಕೈದಿಗಳು ದಪ್ಪಕ್ಷರಗಳಲ್ಲಿ ಬರೆದುದನ್ನು ವಿಮಾನಚಾಲಕರು ಕಂಡೂ ನಂಬಲಿಲ್ಲ. ಮರುದಿನ ವಿಂಗ್ ಕಮಾಂಡರ್ ಸೌಂಡರ್ಸ್ ಎಂಬಾತ ಮಿಂಗಲಾಡನ್ ನಿಲ್ದಾಣದಲ್ಲಿ ತಾನೇ ವಿಮಾನವನ್ನಿಳಿಸಿ, ನಗರದೊಳಕ್ಕೆ ನಡೆದು, ಅಲ್ಲಿ ಶತ್ರುವಿಲ್ಲವೆಂದು ಕಣ್ಣಾರೆ ಕಂಡನು.

ಯುದ್ಧ ಮುಗಿಯಿತು. ಮಲಯದ ಮೇಲಿನ ದಾಳಿಗೆಂದು ಅಣಿಯಾಗುತ್ತಿದ್ದ ಡಿವಿಷನ್ನಿಗೆ ಕೆಲಸವಿಲ್ಲದಂತಾಗಿ, ಅದು ಎರಡನೆಯ ಭಾರತೀಯ ವಿಮಾನವಾಹಿತ ಡಿವಿಷನ್ನೆಂದು ಹೆಸರು ಬದಲಿಸಿಕೊಂಡಿತು. 1946ರಲ್ಲಿ ಪ್ಯಾರಾಚೂಟ್ ರೆಜಿಮೆಂಟನ್ನೂ ವಿಸರ್ಜಿಸಿ, ಬ್ರಿಗೇಡುಗಳಿಗೆ ಸಾಮಾನ್ಯ ರೆಜಿಮೆಂಟುಗಳ ಬೆಟಾಲಿಯನ್ನುಗಳನ್ನು ತಂದು ತುಂಬಿದರು. ಹೀಗೆ ಬಂದವುಗಳಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯದೂ ಒಂದು. ವಿಭಜನೆಯ ಪಾಲುಪಟ್ಟಿಯಲ್ಲಿ 50, 77ನೆಯ ಬ್ರಿಗೇಡುಗಳು ಭಾರತಕ್ಕೂ 14ನೆಯದು ಪಾಕಿಸ್ತಾನಕ್ಕೂ ಸಂದುವು. ಚಕ್ಲಾಲಾದ ಶಿಕ್ಷಣಶಾಲೆ ಗಡಿಯಾಚೆ ಉಳಿದುದರಿಂದ ಭಾರತವು ಆಗ್ರಾದಲ್ಲಿ ಮತ್ತೆ ಮೊದಲಿನಿಂದ ತೊಡಗಬೇಕಾಯಿತು. ಆದರೆ ಅದಕ್ಕೆ ಪುರಸೊತ್ತು ಸಿಕ್ಕುವ ಮೊದಲೇ ಐವತ್ತನೆಯ ಬ್ರಿಗೇಡು ಪುನಃ ಕಾಲಾಳು ಪಡೆಯಾಗಿ ಕಾಶ್ಮೀರದ ನೌಶೇರಾದ ಬೆಟ್ಟಗಳನ್ನು ಸೇರಿತು. ಅಲ್ಲಿ ಅದರ ನಾಯಕ ಬ್ರಿಗೇಡಿಯರ್ ಮಹಮ್ಮದ್ ಉಸ್ಮಾನ್, ಕಳೆದುಕೊಂಡಿದ್ದ ಝಂಗಡವೆಂಬ ಊರನ್ನು ಗೆದ್ದುಕೊಂಡ ಮೇಲೆ, 1948ರ ಜುಲೈ 3ರಂದು ಶತ್ರುವಿನ ತೋಪಿನ ಗುಂಡಿಗೆ ಬಲಿಯಾದನು. 1952ರ ಏಪ್ರಿಲ್ 15ರಂದು ಪ್ಯಾರಾಚೂಟ್ ರೆಜಿಮೆಂಟು ಮತ್ತೆ ಕಟ್ಟಲ್ಪಟ್ಟಾಗ, ಪಂಜಾಬ್, ಮರಾಠಾ, ಕುಮಾವೂನ್ ರೆಜಿಮೆಂಟುಗಳಿಂದ ಬಂದ ಮೂರು ಬೆಟಾಲಿಯನ್ನುಗಳು ಅದರ ಮೊದಲ ಮೂರು ಬೆಟಾಲಿಯನ್ನುಗಳಾದುವು.